ಅತ್ತೂರಿನ ಅಡವಿಯ ಇಗರ್ಜಿ: ಐತಿಹ್ಯ ಮತ್ತು ಇತಿಹಾಸ

ಕಾರ್ಕಳವೆಂದೊಡನೆ ಕನ್ನಡಿಗರ ಕಣ್ಣೆದುರು ನಿಲ್ಲುವುದು 1432ರಲ್ಲಿ ಪ್ರತಿಷ್ಠಾಪಿತವಾದ, ಸುಮಾರು 42 ಅಡಿ ಎತ್ತರದ ಗೊಮ್ಮಟಮೂರ್ತಿ. ಅದೇ ಊರಿನಿಂದ ಐದು ಕಿಲೋಮೀಟರಿನಷ್ಟು ದೂರದ ಅತ್ತೂರಿನಲ್ಲಿ ಒಂದಡಿ ಎತ್ತರದ ಮರದ ವಿಗ್ರಹವೊಂದು ಅಷ್ಟೇ ಜನರ ಭಕ್ತಿಗೆ ಪಾತ್ರವಾಗಿದೆಯೆಂಬುದನ್ನು ಹೊರನಾಡಿನ ನಮ್ಮಲ್ಲಿ ಅನೇಕರು ಅರಿಯರು. ಅದು ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಸಂತ ಲಾರೆನ್ಸರ ವಿಗ್ರಹ.

ಅತ್ತೂರಿನ ಕ್ರೈಸ್ತ ಸಭೆ ಆರಂಭವಾದುದು 1759ರಲ್ಲಿ. ಅದರ ಮೊದಲ ಇಗರ್ಜಿ ಈಗಿನ ಸ್ಥಳದಲ್ಲಿರಲಿಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಆಗ ಅತ್ತೂರಿನ ಇಗರ್ಜಿಯೂ ನೆಲಸಮವಾಯಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಅಳಿದುಳಿದವರು ಘಟ್ಟವಿಳಿದು ತಮ್ಮ ನೆಲವನ್ನು ಮತ್ತೆ ಅರಸಬೇಕಾಯಿತು.

ಇನ್ನು ಐತಿಹ್ಯ. ಹೊಸ ಇಗರ್ಜಿಗೆ ತಕ್ಕ ಸ್ಥಳವನ್ನು ಹುಡುಕುತ್ತ, ಪುಟ್ಟ ವಿಗ್ರಹವನ್ನು ಹೊತ್ತ ಭಕ್ತರು ಕಾಡಿನಲ್ಲಿ ನಡೆದರು. ಪರ್ಪಲೆ ಗುಡ್ಡದ ತಪ್ಪಲಲ್ಲಿ ಒರತೆಯೊಂದನ್ನು ಕಂಡು, ವಿಗ್ರಹವನ್ನು ಇಳಿಸಿ ದಣಿವಾರಿಸಿಕೊಂಡರು. ಮತ್ತೆ ಹೊರಡುವಾಗ ಅದು ಕದಲಲಿಲ್ಲ. ಸಂತನ ಇಚ್ಛೆ ಇದೇ ಎಂದರಿತು ಅಲ್ಲಿಯೇ ಇಗರ್ಜಿಯನ್ನು ಕಟ್ಟಿದರು. ಈ ಸ್ಥಳದ ಕಟ್ಟಡಕ್ಕೆ 1839ನೆಯ ಇಸವಿಯನ್ನು ಹೇಳುತ್ತಾರೆ. 1901ರ ಜನವರಿ 22ರಂದು ಇನ್ನೊಂದು ಇಗರ್ಜಿ ಉದ್ಘಾಟನೆಗೊಂಡಿತು. ಒರತೆಯ ಕೊಳವನ್ನು ಜನ ಇಂದಿಗೂ ಪುಷ್ಕರಿಣಿಯೆಂದೇ ಕರೆಯುತ್ತಾರೆ.

ಕದಲದ ವಿಗ್ರಹದ ಕಥೆ ನಮ್ಮ ನಾಡಿನ ಅನೇಕ ದೇವಾಲಯಗಳ ಸ್ಥಳಪುರಾಣಗಳಲ್ಲಿಯೂ ಉಂಟು. ಆದಕಾರಣ ಇದನ್ನು ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ಉಚಿತವೆನಿಸದು. ಬಲಾತ್ಕಾರವಾಗಿ ಕಿತ್ತೊಯ್ಯಲ್ಪಟ್ಟ ಜನಕ್ಕೆ, ಇನ್ನು ಕದಲಬೇಕಾಗಿಲ್ಲವೆಂಬ ಅಭಯ ಬೇಕಾಗಿತ್ತು. ಆ ಅಭಯವನ್ನು ಅವರು ವಿಗ್ರಹದ ಬಾಯಿಂದ ಕೇಳಿಕೊಂಡರೆಂದು ನನಗೆ ತೋರುತ್ತದೆ. ಇತಿಹಾಸವು ಘಟನೆಯನ್ನು ದಾಖಲಿಸಿದರೆ, ಐತಿಹ್ಯವು ಅದರ ನೋವನ್ನು ಕಾಪಾಡುತ್ತದೆ. ಅವರು ಆ ಅಭಯವನ್ನು ಸುತ್ತಣ ಜನರೆಲ್ಲರಿಗೂ ಅರ್ಥವಾಗುವ ಸ್ಥಳಪುರಾಣದ ಭಾಷೆಯಲ್ಲಿಯೇ ಹೇಳಿದುದು ಗಮನಾರ್ಹ.

ಸಂತನ ಸ್ಮರಣದಿನ ಆಗಸ್ಟ್ 10. ಅದು ಕರಾವಳಿಯ ಮಳೆಗಾಲ. ಅತ್ತೂರಿನ ಮಹೋತ್ಸವ ನಡೆಯುವುದು ಜನವರಿಯಲ್ಲಿ. ಸಾಂತ್‌ಮಾರಿಯೆಂಬ ಆ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. 2016ರಲ್ಲಿ ಈ ಇಗರ್ಜಿಗೆ ಕಿರಿಯ ಬಸಿಲಿಕವೆಂಬ ಪದವಿ ಪ್ರಾಪ್ತವಾಯಿತು.

ತಾರ್ನಾಕದಲ್ಲಿ ನೆಲಸಿರುವ ನಮ್ಮ ವಲಸೆ ಸ್ವೇಚ್ಛೆಯದು; ಅವರದು ಸೆರೆಯದು. ಹೋಲಿಕೆಯನ್ನು ಬಹುದೂರ ಎಳೆಯಬಾರದು. ಆದರೂ ಹೊತ್ತು ತಂದ ಅಲ್ಪವಸ್ತುವನ್ನು ಹೊಸ ನೆಲದಲ್ಲಿ ನೆಲೆಗೊಳಿಸಿ, ಅದನ್ನು ನೆರೆಯವರದೂ ಆಗಿಸಿದ ಆ ಜನರ ಬಾಳಿನಿಂದ ನಾವು ಕಲಿಯಬೇಕಾದುದು ಉಂಟು.