ಅಜ್ಜಿಯ ಚೊಂಬು, ಫೆಲ್ಪ್ಸನ ಭುಜ

2016ರ ಆಗಸ್ಟ್ 7, ರಿಯೋ ಒಲಿಂಪಿಕ್ಸ್. ರಿಲೇ ಈಜಿಗೆ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಬಂದು ನಿಂತ. ಅಂದು ಅವನಿಗೆ ದಕ್ಕಿದ್ದು 19ನೇ ಒಲಿಂಪಿಕ್ ಚಿನ್ನ. ಆದರೆ ಜಗತ್ತಿನ ಕಣ್ಣೆಲ್ಲ ಅವನ ಭುಜದ ಮೇಲೆ! ನೇರಳೆ ಹಣ್ಣನ್ನು ಒತ್ತಿ ಅಚ್ಚು ಹಾಕಿದಂತೆ ದುಂಡನೆಯ ಕಲೆಗಳು. ಮಾಂಸಖಂಡಗಳ ನೋವು ಇಳಿಯಲೆಂದು ಮಾಡಿಸಿಕೊಂಡ, ಚರ್ಮಕ್ಕೆ ಕಪ್ ಕಚ್ಚಿಸುವ ಕಪ್ಪಿಂಗ್ ಚಿಕಿತ್ಸೆಯ ಗುರುತುಗಳವು.

ಆ ಚಿತ್ರ ನೋಡಿದ ಕ್ಷಣ ನನಗೆ ನೆನಪಾದದ್ದು ಅಜ್ಜಿಯ ಚೊಂಬು. ಹೊಟ್ಟೆ ಹಿಡಿದುಕೊಂಡು ಅತ್ತರೆ, “ಬಟ್ಟಿ ಸರಿದಿದೆ” ಎಂದು ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಪುಟ್ಟ ದೀಪವಿಟ್ಟು, ಚೊಂಬನ್ನು ಬೋರಲು ಹಾಕುತ್ತಿದ್ದಳು. ದೀಪ ಆರುತ್ತಿತ್ತು, ಚೊಂಬು ಹೊಟ್ಟೆಯನ್ನು ಕಚ್ಚಿಕೊಳ್ಳುತ್ತಿತ್ತು. ಅಂಚಿನಲ್ಲಿ ಬೆರಳೊತ್ತಿ ಗಾಳಿ ಬಿಟ್ಟರೆ, ಟಪ್! ಹೊಟ್ಟೆನೋವಿಗೂ ಭುಜದ ನೋವಿಗೂ ಸಂಬಂಧವಿಲ್ಲ, ನಿಜ. ಆದರೆ ಚೊಂಬು ಕಚ್ಚುವ ಗುಟ್ಟೂ ಫೆಲ್ಪ್ಸನ ಕಪ್ ಕಚ್ಚಿದ ಗುಟ್ಟೂ ಒಂದೇ!

ಚೊಂಬು ಮೈಯನ್ನು ಎಳೆಯುತ್ತದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಅಲ್ಲವೇ ಅಲ್ಲ! ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರ್ ಮೇಲೂ ಗಾಳಿ ಸುಮಾರು 1 ಕಿಲೋ ಭಾರ ಹೇರಿದೆ. 5 ಸೆಂಟಿಮೀಟರ್ ಅಗಲದ ಕಪ್ ಕೂರುವಷ್ಟು ಜಾಗದ ಮೇಲೆ ಸುಮಾರು 20 ಕಿಲೋ, ಅಂದರೆ ಒಂದು ಸಣ್ಣ ಅಕ್ಕಿ ಮೂಟೆ! ನಮಗದು ಗೊತ್ತಾಗದು, ಯಾಕೆಂದರೆ ದೇಹವೂ ಒಳಗಿನಿಂದ ಅಷ್ಟೇ ಬಲವಾಗಿ ಒತ್ತುತ್ತಿರುತ್ತದೆ. ಕಪ್ಪಿನೊಳಗೆ ಕಾದ ಗಾಳಿ ತಣಿದಾಗ, ಅಥವಾ ಪಂಪಿನಿಂದ ಗಾಳಿ ಹೀರಿದಾಗ, ಆ ಭಾರದಲ್ಲಿ ಒಂದು ಪಾಲು ಇಳಿಯುತ್ತದೆ. ದೇಹದೊಳಗಿನ ಒತ್ತಡ ಮಾತ್ರ ಹಾಗೆಯೇ ಇರುತ್ತದೆ. ಚರ್ಮ ಬೋಂಡಾದಂತೆ ಉಬ್ಬುತ್ತದೆ, ರಕ್ತ ಅಲ್ಲಿಗೆ ನುಗ್ಗುತ್ತದೆ. ಮಾಲೀಸು ಒತ್ತಿದರೆ, ಕಪ್ಪಿಂಗ್ ಎತ್ತುತ್ತದೆ!

ಕಲೆ ಯಾಕೆ? ಕೂದಲಿಗಿಂತ ಸಣ್ಣ ರಕ್ತನಾಳಗಳು ಒಡೆದು ರಕ್ತ ಚರ್ಮದಡಿ ಜಿನುಗುತ್ತದೆ, ಅಷ್ಟೇ. ವಿಷವೂ ಅಲ್ಲ, ಕೆಟ್ಟ ರಕ್ತವೂ ಅಲ್ಲ.

ಈ ವಿದ್ಯೆ ಎಷ್ಟು ಹಳೆಯದು ಗೊತ್ತೆ? ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಹಸುವಿನ ಕೊಂಬಿದೆ, ಒಳಗೆ ದೀಪ ಹಚ್ಚಿ ಮೈಗೆ ಕೂರಿಸುವ ಸೋರೆಬುರುಡೆಯಿದೆ. ಸೋರೆಬುರುಡೆ! ಅಲ್ಲಿ ಚರ್ಮ ಗೀರಿ ರಕ್ತ ತೆಗೆಯುತ್ತಿದ್ದರು. ಗೀರದೆ ಬರೀ ಕಪ್ ಇಡುವುದು ಡ್ರೈ ಕಪ್ಪಿಂಗ್. ಯುನಾನಿ ವೈದ್ಯಪದ್ಧತಿಯಲ್ಲಿ ಅದಕ್ಕೆ ‘ಹಿಜಾಮತ್ ಬಿಲಾ ಶರ್ತ್’ ಎಂಬ ಹೆಸರಿದೆ. ಯುನಾನಿಯ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲೇ!

ಹಾಗಾದರೆ ನೋವು ಹೋಗುತ್ತದೆಯೆ? ಕುತ್ತಿಗೆ, ಸೊಂಟ ಹಗುರಾಯಿತು ಎನ್ನುವವರು ಬಹಳ. ಕೆಲವು ಅಧ್ಯಯನಗಳೂ ಹಾಗೆನ್ನುತ್ತವೆ, ಆದರೆ ಹೆಚ್ಚಿನವು ಚಿಕ್ಕವು. ಗುಳಿಗೆಯಾದರೆ ಗೊತ್ತಾಗದಂತೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಿ ನೋಡಬಹುದು. ಬೆನ್ನಿಗೆ ಕಪ್ ಕಚ್ಚಿದ್ದನ್ನು ಯಾರಿಂದ ಮುಚ್ಚಿಡುವುದು? ದಣಿದ ಮಾಂಸಖಂಡ ಇದರಿಂದ ಬೇಗ ಚೇತರಿಸಿಕೊಳ್ಳುತ್ತದೆ ಎನ್ನಲು ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ. ಇದನ್ನು ತಿಳಿದ ಮೇಲೂ ನನ್ನ ಬೆರಗು ಕೂದಲಷ್ಟೂ ತಗ್ಗಿಲ್ಲ.

ಮಾಡಿಸಿಕೊಳ್ಳಬೇಕು ಅನ್ನಿಸಿದರೆ ದಯವಿಟ್ಟು ಕಲಿತವರ ಬಳಿಗೇ ಹೋಗಿ. ಮನೆಯಲ್ಲಿ ಬೆಂಕಿ ಹಚ್ಚಿ ಪ್ರಯೋಗ ಮಾಡಬೇಡಿ, ಚರ್ಮ ಸುಟ್ಟೀತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಬಸುರಿಯರು, ಚರ್ಮದ ಮೇಲೆ ಗಾಯ ಇರುವವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಕಲೆ ಕಂಡು ಗಾಬರಿ ಬೇಡ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ.