ದಿವಾಳಿ ಆದವನು ಅಂದ್ರೆ ಯಾರು? ಪ್ರವಾದಿಯವರು ಕೇಳಿದ ಒಂದು ಪ್ರಶ್ನೆ

ಇವತ್ತಿನ ಮಾತನ್ನು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ದಿವಾಳಿ ಆದವನು ಅಂದ್ರೆ ಯಾರು? ಕೈಯಲ್ಲಿ ಕಾಸಿಲ್ಲದವನು, ಆಸ್ತಿಪಾಸ್ತಿ ಎಲ್ಲ ಕಳೆದುಕೊಂಡವನು ಅಂತ ನಾವು ಹೇಳ್ತೀವಿ, ಅಲ್ವಾ? ಪ್ರವಾದಿ ಮುಹಮ್ಮದ್ (ಸ) ಅವರು ತಮ್ಮ ಅನುಚರರಿಗೆ ಇದೇ ಪ್ರಶ್ನೆ ಕೇಳಿದಾಗ ಅವರೂ ಇದೇ ಉತ್ತರ ಕೊಟ್ಟಿದ್ದರು.

ಆದರೆ ಪ್ರವಾದಿಯವರು ಹೇಳಿದ್ದೇ ಬೇರೆ. ಒಬ್ಬ ವ್ಯಕ್ತಿ ಅಂತಿಮ ದಿನದಂದು ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ತರುತ್ತಾನೆ. ಆದರೆ ಅವನು ಒಬ್ಬರನ್ನು ಬೈದಿರುತ್ತಾನೆ, ಇನ್ನೊಬ್ಬರ ಮೇಲೆ ಸುಳ್ಳು ಆರೋಪ ಹೊರಿಸಿರುತ್ತಾನೆ, ಮತ್ತೊಬ್ಬರ ಹಣ ತಿಂದಿರುತ್ತಾನೆ, ಯಾರದ್ದೋ ರಕ್ತ ಹರಿಸಿರುತ್ತಾನೆ, ಯಾರಿಗೋ ಹೊಡೆದಿರುತ್ತಾನೆ. ಆಗ ಅವನ ಪುಣ್ಯಗಳನ್ನು ಅವರಿಗೆಲ್ಲ ಹಂಚಲಾಗುತ್ತದೆ. ಪುಣ್ಯ ಮುಗಿದರೂ ಲೆಕ್ಕ ಚುಕ್ತಾ ಆಗದಿದ್ದರೆ ಅವರ ಪಾಪಗಳು ಇವನ ತಲೆಗೆ ಬರುತ್ತವೆ. ಇವನೇ ನಿಜವಾದ ದಿವಾಳಿ. ಅಬೂ ಹುರೈರಾ (ರ) ಅವರು ವರದಿ ಮಾಡಿದ ಈ ಹದೀಸ್ ‘ಸಹೀಹ್ ಮುಸ್ಲಿಮ್’ ಸಂಗ್ರಹದಲ್ಲಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಈತ ಆರಾಧನೆ ಬಿಟ್ಟವನಲ್ಲ. ಅವನ ನಮಾಝ್ ಸುಳ್ಳು ಅಂತಲೂ ಹೇಳಿಲ್ಲ. ಗಳಿಸಿದ್ದು ನಿಜ, ಆದರೆ ಗಳಿಸಿದ್ದೆಲ್ಲ ಸಾಲಗಾರರ ಪಾಲಾಯಿತು, ಅಷ್ಟೇ. ವಿದ್ವಾಂಸರು ಇದನ್ನು ಎರಡು ಬಗೆಯ ಹಕ್ಕುಗಳಾಗಿ ವಿವರಿಸುತ್ತಾರೆ: ಒಂದು ಅಲ್ಲಾಹನ ಹಕ್ಕು, ಇನ್ನೊಂದು ಮನುಷ್ಯರ ಹಕ್ಕು. ಪಶ್ಚಾತ್ತಾಪಕ್ಕೆ ಮೂರು ಷರತ್ತುಗಳಿವೆ: ತಪ್ಪನ್ನು ಬಿಡಬೇಕು, ಅದಕ್ಕಾಗಿ ನೊಂದುಕೊಳ್ಳಬೇಕು, ಮತ್ತೆ ಮಾಡುವುದಿಲ್ಲ ಎಂದು ನಿರ್ಧರಿಸಬೇಕು. ಮನುಷ್ಯನ ಹಕ್ಕಿನ ವಿಷಯವಾದರೆ ನಾಲ್ಕನೆಯದೂ ಒಂದಿದೆ ಎನ್ನುತ್ತಾರೆ 13ನೇ ಶತಮಾನದ ಇಮಾಮ್ ನವವಿ. ಅವರಿಗೆ ಸೇರಿದ್ದನ್ನು ಅವರಿಗೆ ಮರಳಿಸಬೇಕು, ಇಲ್ಲವೇ ಅವರಿಂದ ಕ್ಷಮೆ ಪಡೆಯಬೇಕು.

ಇನ್ನೊಂದು ಮಾತು. ಆ ಪಟ್ಟಿಯಲ್ಲಿ ಮೊದಲು ಬರೋದು ಕೊಲೆಯಲ್ಲ, ಬೈಗುಳ. ಆಮೇಲೆ ಸುಳ್ಳು ಆರೋಪ. ಎರಡೂ ನಾಲಗೆಯ ಕೆಲಸಗಳೇ. ‘ನಾನು ನಿಜವನ್ನೇ ಹೇಳಿದೆ, ಅದರಲ್ಲಿ ತಪ್ಪೇನು?’ ಅಂತ ನಾವು ಕೇಳ್ತೀವಿ. ಈ ಪ್ರಶ್ನೆಯನ್ನೂ ಅಂದೇ ಪ್ರವಾದಿಯವರ ಮುಂದೆ ಇಡಲಾಗಿತ್ತು. ಬೆನ್ನ ಹಿಂದೆ ಆಡಿದ ಕೆಟ್ಟ ಮಾತು ನಿಜವಾಗಿದ್ದರೆ ಅದು ಪರದೂಷಣೆ, ಸುಳ್ಳಾಗಿದ್ದರೆ ಅದು ಅಪವಾದ ಎಂಬುದು ಅವರು ಕೊಟ್ಟ ಉತ್ತರದ ತಾತ್ಪರ್ಯ. ಅಂದ್ರೆ, ನಿಜ ಅನ್ನೋದೇ ರಜೆ ಚೀಟಿ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಯಾರದ್ದೋ ಮನೆಯ ವಿಷಯ ಮುಂದಕ್ಕೆ ಕಳಿಸುವಾಗ ಇದನ್ನು ನೆನಪಿಸಿಕೊಳ್ಳಬೇಕು.

ಹಣದ ವಿಷಯಕ್ಕೆ ಬನ್ನಿ. ಕುರ್‌ಆನ್‌ನ ನಾಲ್ಕನೇ ಅಧ್ಯಾಯ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ನಿಗದಿ ಮಾಡಿದೆ. ತಂಗಿಗೆ ಸೇರಬೇಕಾದ ಆ ಪಾಲನ್ನು ತಾನೇ ಇಟ್ಟುಕೊಂಡು ಅಣ್ಣ ಹಜ್‌ಗೆ ಹೋಗಿ ಬಂದರೆ, ಈ ಹದೀಸ್‌ನ ಲೆಕ್ಕದಲ್ಲಿ ಆ ಪುಣ್ಯ ಕೊನೆಗೆ ಯಾರ ಖಾತೆಗೆ ಹೋಗಬಹುದು? ಕೆಲಸದವರ ಕೂಲಿ ಸತಾಯಿಸುವವರಿಗೂ, ಕೈಯಲ್ಲಿ ದುಡ್ಡಿದ್ದೂ ಸಾಲ ತೀರಿಸದೆ ಅಲೆದಾಡಿಸುವವರಿಗೂ ಇದೇ ಪ್ರಶ್ನೆ.

ಹಾಗಂತ ಇದು ಹೆದರಿಸೋ ಮಾತಷ್ಟೇ ಅಲ್ಲ, ಇದರಲ್ಲಿ ದಾರಿಯೂ ಇದೆ. ‘ಸಹೀಹ್ ಬುಖಾರಿ’ಯ ಒಂದು ಹದೀಸ್ ಪ್ರಕಾರ, ಯಾರಿಗಾದರೂ ಅನ್ಯಾಯ ಮಾಡಿದ್ದರೆ ಇವತ್ತೇ ಇತ್ಯರ್ಥ ಮಾಡಿಕೊಳ್ಳಬೇಕು. ಆ ದಿನ ದೀನಾರ್ ಆಗಲಿ ದಿರ್ಹಮ್ ಆಗಲಿ ಚಲಾವಣೆಯಲ್ಲಿರುವುದಿಲ್ಲ. ಇವತ್ತಾದರೆ ನೂರು ರೂಪಾಯಿ ಸಾಲ ನೂರು ರೂಪಾಯಿಯಲ್ಲೇ ತೀರುತ್ತದೆ. ನೋಯಿಸಿದ ಮಾತಿಗೆ ಒಂದು ಫೋನ್ ಕರೆ ಸಾಕಾಗಬಹುದು. ಕಷ್ಟ ಇರೋದು ಹಣದಲ್ಲಲ್ಲ, ‘ನನ್ನದು ತಪ್ಪಾಯ್ತು’ ಅನ್ನೋ ಮಾತಿನಲ್ಲಿ.

ಇವತ್ತು ಮಲಗೋ ಮುಂಚೆ ಯಾರದ್ದಾದರೂ ಹೆಸರು ನೆನಪಾದರೆ, ನಾಳೆಗೆ ಇಡಬೇಡಿ.