ಇಳಿತದ ಲೆಕ್ಕಕ್ಕೆ ಕಟ್ಟಿದ ಚರಂಡಿ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಸ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹಾಗಾದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯ ಮೇಲೆ ಅಂದು ಸುರಿದದ್ದು 94,400 ಲೀಟರ್. 6,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಹತ್ತಿರಹತ್ತಿರ ಹದಿನಾರು ಟ್ಯಾಂಕರ್! ನಗರದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಇಷ್ಟು ಮಳೆಯನ್ನು ಯಾವ ಚರಂಡಿಯೂ ತಾಳದು, ಒಪ್ಪೋಣ. ಆದರೆ ಮುಂಬಯಿಯ ತಗ್ಗು ಪ್ರದೇಶಗಳು ಇದರ ಹತ್ತರಲ್ಲೊಂದು ಪಾಲು ಮಳೆಗೂ ಮುಳುಗಿದ್ದುಂಟು. ಏಕೆಂದು ತಿಳಿಯಲು ಎಂಜಿನಿಯರು ಕಾಗದದ ಮೇಲೆ ಮಾಡಿದ ಲೆಕ್ಕವನ್ನು ನೋಡಬೇಕು. ಹೈಸ್ಕೂಲಿನ ಹುಡುಗರಿಗೂ ಅರ್ಥವಾಗುವ ಲೆಕ್ಕ ಅದು. ಗಂಟೆಗೆ ಬೀಳುವ ಮಳೆ, ಅದು ಬೀಳುವ ವಿಸ್ತೀರ್ಣ, ಬಿದ್ದುದರಲ್ಲಿ ಇಂಗದೆ ಹರಿದುಹೋಗುವ ಭಾಗ, ಈ ಮೂರನ್ನೂ ಗುಣಿಸಿದರೆ ಚರಂಡಿ ಒಯ್ಯಬೇಕಾದ ನೀರಿನ ಪ್ರಮಾಣ ಸಿಗುತ್ತದೆ. ಈ ವಿಧಾನದ ಮೂಲವನ್ನು 1851ರಲ್ಲಿ ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮುಲ್ವೇನಿ ಕೊಟ್ಟ. ಇಂದಿಗೂ ಅದು ಬಳಕೆಯಲ್ಲಿದೆ.

ಗುಣಾಕಾರ ತಪ್ಪುವುದಿಲ್ಲ, ತಪ್ಪುವುದು ಒಳಗೆ ಹಾಕುವ ಅಂಕಿ. ಮುಂಬಯಿಯ ಹಳೆಯ ಚರಂಡಿಗಳನ್ನು ಲೆಕ್ಕ ಹಾಕಿದವರು ಗಂಟೆಗೆ 25 ಮಿ.ಮೀ. ಮಳೆ ಎಂದುಕೊಂಡರು, ಅದರಲ್ಲಿ ಅರ್ಧ ಮಾತ್ರ ಹರಿಯುತ್ತದೆ ಎಂದುಕೊಂಡರು. ಒಂದು ಚದರ ಕಿಲೋಮೀಟರಿಗೆ ಇದು ಸೆಕೆಂಡಿಗೆ ಸುಮಾರು 3.5 ಘನ ಮೀಟರ್ ಆಗುತ್ತದೆ. ಮಣ್ಣಿನ ಅಂಗಳ, ಗದ್ದೆ ಇದ್ದ ಕಾಲಕ್ಕೆ ಅದು ಸರಿಯೇ. ಕಾಂಕ್ರೀಟು ಹಾಸಿದ ಮೇಲೆ ನೀರು ಇಂಗುವುದೆಲ್ಲಿ? 1993ರ ಬ್ರಿಮ್‌ಸ್ಟೋವಾಡ್ ವರದಿಯು ಗಂಟೆಗೆ 50 ಮಿ.ಮೀ. ಮಳೆ, ಬಿದ್ದುದೆಲ್ಲ ಹರಿಯುತ್ತದೆ ಎಂದು ಹಿಡಿಯುವಂತೆ ಸಲಹೆ ಮಾಡಿತು. ಆಗ ಅದೇ ಜಾಗದ ಲೆಕ್ಕ ಸುಮಾರು 14 ಘನ ಮೀಟರ್, ನಾಲ್ಕು ಪಟ್ಟು. ಹನ್ನೆರಡು ವರ್ಷಗಳ ನಂತರ ಪ್ರವಾಹ ಬಂದಾಗಲೂ ಆ ಕೆಲಸಗಳಲ್ಲಿ ಹೆಚ್ಚಿನವು ಬಾಕಿ ಇದ್ದವು. ಅಂದು ಮಧ್ಯಾಹ್ನ ಒಂದೇ ಗಂಟೆಯಲ್ಲಿ ಸುರಿದದ್ದು ಸುಮಾರು 190 ಮಿ.ಮೀ.

ಹಳೆಯ ಲೆಕ್ಕದಲ್ಲಿ ಇನ್ನೊಂದು ಮಾತಿತ್ತು, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು: ಸಮುದ್ರ ಇಳಿತದಲ್ಲಿರುತ್ತದೆ ಎಂಬುದು. ವಿಹಾರ್ ಮತ್ತು ಪೊವಾಯಿ ಕೆರೆಗಳ ಕಡೆಯಿಂದ ಇಳಿದು ಬರುವ ಮೀಠಿ ನದಿ ಮಾಹಿಮ್ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರು ಹರಿಯಲು ಇಳಿಜಾರು ಬೇಕು. ಉಬ್ಬರದಲ್ಲಿ ಅಳಿವೆಯ ನೀರು ಚರಂಡಿಯ ಬಾಯಿಗಿಂತ ಮೇಲೇರಿದರೆ ಇಳಿಜಾರೇ ಇಲ್ಲ. ಸಮುದ್ರವೇ ಒಳಗೆ ನುಗ್ಗುತ್ತದೆ. ಸಮುದ್ರ ದಿನಕ್ಕೆರಡು ಸಲ ಉಬ್ಬುತ್ತದೆ, ಮೋಡ ಪಂಚಾಂಗ ನೋಡಿ ಬರುವುದಿಲ್ಲ. ಜುಲೈ 26ರಂದು ಮಳೆಯ ಅಬ್ಬರ ಜೋರಾಗಿದ್ದ ಹೊತ್ತಿನಲ್ಲೇ, ನಾಲ್ಕು ಗಂಟೆಯ ಸುಮಾರಿಗೆ, 4.48 ಮೀಟರಿನ ಉಬ್ಬರವೂ ಬಂತು.

ಈಗ ಕಂಪ್ಯೂಟರ್ ಮಾದರಿಗಳಿವೆಯಲ್ಲ ಎನ್ನಬಹುದು. ಇವೆ, ಉಬ್ಬರವನ್ನೂ ಇಂಗುವಿಕೆಯನ್ನೂ ಕ್ಷಣಕ್ಷಣಕ್ಕೆ ಲೆಕ್ಕ ಹಾಕುತ್ತವೆ. ಆದರೆ ಅದಕ್ಕೆ ಗೊತ್ತಿರುವುದು ನಕ್ಷೆಯಲ್ಲಿರುವ ಚರಂಡಿ. ಬೀದಿಯ ಚರಂಡಿಯಲ್ಲಿ ಹೂಳು, ಪ್ಲಾಸ್ಟಿಕ್ಕು, ಅಡ್ಡ ಹಾಯ್ದ ನೀರಿನ ಪೈಪು ಎಲ್ಲ ಇರುತ್ತವೆ. ಯಾರಾದರೂ ಇಳಿದು ಅಳೆದು ಹೇಳದಿದ್ದರೆ ಮಾದರಿಗೆ ಅದು ಯಾವಾಗಲೂ ಸ್ವಚ್ಛ. ಮಳೆಯ ವಿಷಯವೂ ಹಾಗೆಯೇ. ಸಾಂತಾಕ್ರೂಸಿನಲ್ಲಿ 944 ಮಿ.ಮೀ. ಬಿದ್ದ ದಿನ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೊಲಾಬಾದಲ್ಲಿ ಬಿದ್ದದ್ದು 75 ಮಿ.ಮೀ. ಒಳಗೆ. ಎರಡರ ಸರಾಸರಿ ತೆಗೆದರೆ ಬರುವ ಅಂಕಿ ಎರಡೂ ಊರಿಗೆ ಸುಳ್ಳು. ಆ ಅನುಭವದ ನಂತರವೇ ನಗರದಾದ್ಯಂತ ಹತ್ತಾರು ಸ್ವಯಂಚಾಲಿತ ಮಳೆಮಾಪಕಗಳನ್ನು ಕೂರಿಸಲಾಯಿತು.

ಮನೆ ಕೊಳ್ಳಹೊರಟ ತಂದೆತಾಯಿಗಳಿಗೆ ಒಂದು ಮಾತು. ಪ್ರವಾಹದ ನಕ್ಷೆಯಲ್ಲಿ 'ನೂರು ವರ್ಷದ ನೆರೆ' ಎಂಬ ಗೆರೆ ಇರುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಯಾವುದೇ ವರ್ಷ ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೆ. 0.99ನ್ನು ಮೂವತ್ತು ಸಲ ಗುಣಿಸಿ ನೋಡಿ, 0.74 ಬರುತ್ತದೆ. ಅಂದರೆ ಗೆರೆಯ ಅಂಚಿನ ಮನೆಗೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಂಭವ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಅದೂ ಹಿಂದಿನ ವರ್ಷಗಳ ಮಳೆಯ ಲೆಕ್ಕ ಮುಂದೆಯೂ ನಡೆದರೆ; ಗಾಳಿ ಬಿಸಿಯಾದಷ್ಟೂ ಹೆಚ್ಚು ಆವಿಯನ್ನು ಹೊರುತ್ತದೆ.

ಬೆಂಗಳೂರಿಗೆ ಸಮುದ್ರವಿಲ್ಲ, ಉಬ್ಬರದ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ರಾಜಕಾಲುವೆ ಸೇರುವುದು ಕೆರೆಗೆ. ಕೆರೆ ಕೋಡಿ ಬಿದ್ದಿರುವಾಗ ಕಾಲುವೆಯ ಬಾಯಿಯಲ್ಲಿ ಆಗುವುದೂ ಅದೇ: ಇಳಿಜಾರು ತಗ್ಗಿ ನೀರು ಹಿಂದಕ್ಕೆ ಒತ್ತುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಊರಿನ ಕೆರೆಗಳು ಮೊದಲೇ ತುಂಬಿದ್ದವು. ಕಾಲುವೆಯ ಲೆಕ್ಕ ಮಾಡುವವರು ಕೆರೆ ಖಾಲಿ ಎಂದು ಹಿಡಿದಿದ್ದಾರೆಯೇ, ತುಂಬಿದೆ ಎಂದು ಹಿಡಿದಿದ್ದಾರೆಯೇ ಎಂದು ವಾರ್ಡಿನ ಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದು.